ಕುರ್ಚಿಗೆ ಗಡುವು ಬೇಕು, ಮನೆತನಕ್ಕೂ ಬೇಕು



ಹರಿಹರದಲ್ಲಿ ನಾವು ಸೇರಿದ್ದ ಒಂದು ಸಣ್ಣ ಕೂಟದಲ್ಲಿ ಹಾಸ್ಟೆಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಕೋರ್ಸ್ ಮುಗೀತು ಅಂದ್ರೆ ನಾವು ಹಾಸಿಗೆ ಸುತ್ತಿಕೊಂಡು ಹಾಸ್ಟೆಲ್ ಬಿಡಬೇಕು. ವಾರ್ಡನ್‌ಗೂ ವರ್ಗ ಐತೆ. ನಮ್ಮ ಚರ್ಚಿನ ಫಾದರ್‌ಗೂ ವರ್ಗ ಐತೆ. ಈ ಎಮ್ಮೆಲ್ಲೆಗಳಿಗೆ ಮಾತ್ರ ಯಾಕಿಲ್ಲ?"

ಕೆಲವರು ನಕ್ಕರು. ಆದರೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಆ ಹುಡುಗ ಕ್ರೈಸ್ತರ ಮನೆಯವನು. ಅವನ ಅಜ್ಜ ನಮ್ಮ ಕೇರಿಯಲ್ಲೇ ಹುಟ್ಟಿ, ಅವಮಾನ ತಾಳದೆ ಶಿಲುಬೆಯ ಬಳಿಗೆ ಹೋದವನು. "ನಿಮ್ಮ ಬೈಬಲ್ ಈ ಬಗ್ಗೆ ಏನು ಹೇಳ್ತದಪ್ಪಾ?" ಎಂದು ನಾವು ಕೇಳಿದೆವು. ಅವನಿಗೂ ಗೊತ್ತಿರಲಿಲ್ಲ. ಅವನ ಜೊತೆ ಕೂತು ಓದಿದೆವು, ಚರ್ಚೆ ಮಾಡಿದೆವು. ಈ ಸಲದ ಸಂಪಾದಕೀಯ ಆ ಚರ್ಚೆಯಿಂದ ಹುಟ್ಟಿದ್ದು.

ಮೊದಲು ಕಾನೂನು ನೋಡೋಣ. ಸಂವಿಧಾನದ 172ನೇ ವಿಧಿ ವಿಧಾನಸಭೆಗೆ ಐದು ವರ್ಷದ ಆಯಸ್ಸು ಕೊಟ್ಟಿದೆ. 173ನೇ ವಿಧಿಯ ಪ್ರಕಾರ ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು. ಎಷ್ಟು ಸಲ ನಿಲ್ಲಬಹುದು ಎಂಬ ಮಾತು ಎಲ್ಲೂ ಇಲ್ಲ. ಶಾಸಕನಿಗೂ ಇಲ್ಲ, ಸಂಸದನಿಗೂ ಇಲ್ಲ, ಮಂತ್ರಿಗೂ ಇಲ್ಲ, ಮುಖ್ಯಮಂತ್ರಿಗೂ ಇಲ್ಲ. ಜನ ಓಟು ಹಾಕುವವರೆಗೆ, ಪಕ್ಷ ಟಿಕೆಟ್ ಕೊಡುವವರೆಗೆ, ಪ್ರಾಣ ಇರುವವರೆಗೆ ಕೂರಬಹುದು.

ಹಾಗಾದರೆ ನಮ್ಮ ಸಂವಿಧಾನದಲ್ಲಿ ಗಡುವು ಅನ್ನುವುದೇ ಇಲ್ಲವೇ? ಇದೆ. ಯಾರಿಗೆ ಇದೆ ಅನ್ನುವುದನ್ನು ಸ್ವಲ್ಪ ಗಮನವಿಟ್ಟು ನೋಡಿ. 334ನೇ ವಿಧಿಯು ವಿಧಾನಸಭೆ ಮತ್ತು ಲೋಕಸಭೆಯಲ್ಲಿ ನಮಗಿರುವ ಮೀಸಲು ಕ್ಷೇತ್ರಗಳಿಗೆ 1950ರಲ್ಲೇ ಹತ್ತು ವರ್ಷದ ಗಡುವು ಹಾಕಿತು. ಅಲ್ಲಿಂದ ಇಲ್ಲಿಗೆ ಹತ್ತತ್ತು ವರ್ಷ ಮುಂದೂಡುತ್ತಾ ಬಂದಿದ್ದಾರೆ. ಕೊನೆಯ ಸಲ 104ನೇ ತಿದ್ದುಪಡಿ ಮಾಡಿ 2030ರ ಜನವರಿ 25ರವರೆಗೆ ಎಳೆದರು. (ನೌಕರಿ ಮತ್ತು ಓದಿನ ಮೀಸಲಾತಿಗೆ ಈ ಗಡುವು ಇಲ್ಲ. ಇವೆರಡನ್ನೂ ಗೊಂದಲ ಮಾಡಿ ಹಾಸ್ಟೆಲ್ ಹುಡುಗರನ್ನು ಹಂಗಿಸುವವರಿಗೆ ನೀವು ಈ ಮಾತು ಬಿಡಿಸಿ ಹೇಳಬೇಕು.) ಅಂದರೆ ದಲಿತನ ಕುರ್ಚಿಗೆ ಗಡುವು ಉಂಟು, ಉಳ್ಳವನ ಕುರ್ಚಿಗೆ ಇಲ್ಲ.

ಹಳ್ಳಿಗೆ ಬನ್ನಿ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆಯಿತು. ಅಧ್ಯಕ್ಷರಿಗೆ 30 ತಿಂಗಳ ಅವಧಿ. ಮೊದಲ 30 ತಿಂಗಳಿಗೆ ಒಂದು ಮೀಸಲಾತಿ, ಮುಂದಿನ 30 ತಿಂಗಳಿಗೆ ಇನ್ನೊಂದು. ಕೂಲಿ ಮಾಡುವ ನಮ್ಮ ತಾಯಿಯೊಬ್ಬಳು ಅಧ್ಯಕ್ಷೆಯಾಗಿ, ಸೆಕ್ರೆಟರಿ ಯಾರು, ಪಿಡಿಒ ಯಾರು, ಚೆಕ್ಕಿಗೆ ಸಹಿ ಎಲ್ಲಿ ಹಾಕಬೇಕು ಅನ್ನುವುದು ತಿಳಿಯುವ ಹೊತ್ತಿಗೆ ಅವಳ ಕಾಲ ಮುಗಿದಿರುತ್ತದೆ. ರೋಸ್ಟರ್ ತಿರುಗಿರುತ್ತದೆ. ಅಧಿಕಾರ ಸುತ್ತಬೇಕು, ಎಲ್ಲರ ಪಾಲಿಗೂ ಬರಬೇಕು ಎಂಬ ನ್ಯಾಯ ಕೆಳಗಿನವರಿಗೆ ಮಾತ್ರ. ಮೇಲಕ್ಕೆ ಹೋದಂತೆ ಆ ನ್ಯಾಯ ಮಾಯ.

ಈಗ ನಮ್ಮ ದಾವಣಗೆರೆ ಕಡೆ ನೋಡಿ. 1996ರಿಂದ 2024ರವರೆಗೆ ಇಲ್ಲಿ ಎಂಟು ಲೋಕಸಭಾ ಚುನಾವಣೆಗಳು ನಡೆದವು. ಎಂಟರಲ್ಲೂ ಗೆದ್ದವರು ಎರಡೇ ಮನೆಯವರು. 1996 ಮತ್ತು 1999ರಲ್ಲಿ ಜಿ. ಮಲ್ಲಿಕಾರ್ಜುನಪ್ಪ. ನಡುವೆ 1998ರಲ್ಲಿ ಶಾಮನೂರು ಶಿವಶಂಕರಪ್ಪ. 2004, 2009, 2014, 2019ರಲ್ಲಿ ಮಲ್ಲಿಕಾರ್ಜುನಪ್ಪನವರ ಮಗ ಜಿ.ಎಂ. ಸಿದ್ದೇಶ್ವರ. ಇದರಲ್ಲಿ ಮೊದಲ ಮೂರು ಸಲ ಅವರೆದುರು ನಿಂತು ಸೋತವರು ಶಾಮನೂರು ಅವರ ಮಗ ಎಸ್.ಎಸ್. ಮಲ್ಲಿಕಾರ್ಜುನ. 2024ರಲ್ಲಿ ಒಂದು ಕಡೆ ಸಿದ್ದೇಶ್ವರ ಅವರ ಹೆಂಡತಿ ಗಾಯತ್ರಿ, ಇನ್ನೊಂದು ಕಡೆ ಶಾಮನೂರು ಅವರ ಸೊಸೆ ಪ್ರಭಾ. ಸೊಸೆ ಗೆದ್ದರು. ಪಕ್ಷ ಎರಡು, ಬಾವುಟ ಎರಡು, ಬಣ್ಣ ಎರಡು. ಓಟುದಾರನ ಮುಂದೆ ಇದ್ದದ್ದು ಎರಡು ಮನೆಗಳ ಬಾಗಿಲು ಮಾತ್ರ.

ವಿಧಾನಸಭೆಯ ಕಥೆಯೂ ಇದೇ. ದಾವಣಗೆರೆ ಕ್ಷೇತ್ರದಲ್ಲಿ 1994ರಲ್ಲಿ ತಂದೆ, 1999ರಲ್ಲಿ ಮಗ, 2004ರಲ್ಲಿ ಮತ್ತೆ ತಂದೆ. ಕ್ಷೇತ್ರ ಒಡೆದು ಉತ್ತರ, ದಕ್ಷಿಣ ಆದ ಮೇಲೆ ದಕ್ಷಿಣದಲ್ಲಿ 2008, 2013, 2018, 2023 ನಾಲ್ಕು ಸಲವೂ ತಂದೆಯೇ. ಉತ್ತರದಲ್ಲಿ 2013 ಮತ್ತು 2023ರಲ್ಲಿ ಮಗ. 2025ರ ಡಿಸೆಂಬರಿನಲ್ಲಿ ಶಾಮನೂರು ಶಿವಶಂಕರಪ್ಪನವರು ತಮ್ಮ 94ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಶಾಸಕರಾಗಿಯೇ ಇದ್ದರು. ರಾಜ್ಯದ ಶಾಸಕರಲ್ಲೆಲ್ಲಾ ಹಿರಿಯರು.

ಸತ್ತವರ ಮೇಲೆ ಕಲ್ಲು ಹೊಡೆಯುವುದು ನಮ್ಮ ಕೆಲಸವಲ್ಲ. ಅವರು ಕಟ್ಟಿದ ಕಾಲೇಜುಗಳಲ್ಲಿ ನಮ್ಮ ಹುಡುಗರೂ ಓದಿದ್ದಾರೆ, ಅವರ ಆಸ್ಪತ್ರೆಯಲ್ಲಿ ನಮ್ಮ ಜನವೂ ಮದ್ದು ಪಡೆದಿದ್ದಾರೆ. ಯಾರೂ ಬಂದೂಕು ಹಿಡಿದು ಓಟು ಹಾಕಿಸಿಕೊಳ್ಳಲಿಲ್ಲ. ಜನರೇ ಆರಿಸಿದರು. ನಮ್ಮ ಕೇರಿಗಳೂ ಆರಿಸಿದವು. ಆದ್ದರಿಂದ ನಾವು ಕೇಳುತ್ತಿರುವುದು ಆ ವ್ಯಕ್ತಿ ಒಳ್ಳೆಯವರೋ ಕೆಟ್ಟವರೋ ಎಂದಲ್ಲ. ಲಕ್ಷಾಂತರ ಜನ ಬದುಕುವ ಒಂದು ಜಿಲ್ಲೆಯಲ್ಲಿ 28 ವರ್ಷ ದಿಲ್ಲಿಗೆ ಹೋಗುವ ಯೋಗ್ಯತೆ ಎರಡು ಮನೆಗಳಿಗೆ ಮಾತ್ರ ಇತ್ತೇ?

ಇದೇ ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. 1978, 1983, 1985ರಲ್ಲಿ ಇಲ್ಲಿಂದ ಗೆದ್ದು ಹೋದವರು ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ಮುಖಂಡ ಪಂಪಾಪತಿ. ಮೂರು ಸಲ ಗೆದ್ದರು. ಅವರನ್ನು ಕಳಿಸಿದ್ದು ಮನೆತನವಲ್ಲ, ಗಿರಣಿ ಗೇಟಿನ ಮುಂದೆ ಕಟ್ಟಿದ ಸಂಘಟನೆ. ಗಿರಣಿಗಳು ಮುಚ್ಚಿದವು, ಸಂಘಟನೆ ಸೊರಗಿತು, ದುಡ್ಡು ಮತ್ತು ಮನೆತನ ಆ ಜಾಗಕ್ಕೆ ಬಂದು ಕೂತವು. ಇದನ್ನು ಮರೆಯಬೇಡಿ.

ದಾವಣಗೆರೆಯಿಂದ ಹದಿನೈದು ಕಿಲೋಮೀಟರ್ ಆಚೆ ಹರಿಹರ. ಅಲ್ಲಿ ನಡೆಯುವುದು ಬೇರೆ. 2008ರಲ್ಲಿ ಬಿಜೆಪಿಯ ಬಿ.ಪಿ. ಹರೀಶ್, 2013ರಲ್ಲಿ ಜನತಾದಳದ ಎಚ್.ಎಸ್. ಶಿವಶಂಕರ್, 2018ರಲ್ಲಿ ಕಾಂಗ್ರೆಸ್ಸಿನ ಎಸ್. ರಾಮಪ್ಪ, 2023ರಲ್ಲಿ ಮತ್ತೆ ಹರೀಶ್. ಹರಿಹರದ ಓಟುದಾರ ಯಾವ ಕಾನೂನಿಗೂ ಕಾಯದೆ ತಾನೇ ಗಡುವು ಹಾಕಿಬಿಟ್ಟಿದ್ದಾನೆ: ಐದು ವರ್ಷ, ಆಮೇಲೆ ಇಳಿ.

ಜಿಲ್ಲೆಯ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ ಮಾಯಕೊಂಡ. 2008ರಲ್ಲಿ ಎಂ. ಬಸವರಾಜ ನಾಯ್ಕ, 2013ರಲ್ಲಿ ಕೆ. ಶಿವಮೂರ್ತಿ, 2018ರಲ್ಲಿ ಪ್ರೊ. ಎನ್. ಲಿಂಗಣ್ಣ, 2023ರಲ್ಲಿ ಕೆ.ಎಸ್. ಬಸವಂತಪ್ಪ. ನಾಲ್ಕು ಚುನಾವಣೆ, ನಾಲ್ಕು ಮುಖ. ಪಕ್ಕದ ದಾವಣಗೆರೆ ದಕ್ಷಿಣದಲ್ಲಿ ಅದೇ ನಾಲ್ಕು ಚುನಾವಣೆ, ಒಂದೇ ಮುಖ. ಮೀಸಲು ಕ್ಷೇತ್ರದ ಶಾಸಕನಿಗೆ ಕಾಲೇಜಿಲ್ಲ, ಬ್ಯಾಂಕಿಲ್ಲ, ಮಠವಿಲ್ಲ, ಗೋಡೌನಿಲ್ಲ. ಟಿಕೆಟ್ಟಿಗೆ ಪಕ್ಷದ ಯಜಮಾನರ ಮುಖ ನೋಡಬೇಕು, ಓಟಿಗೆ ಮೇಲ್ಜಾತಿಯ ಗೌಡರ ಮುಖ ನೋಡಬೇಕು. ಬೇರು ಬಿಡುವ ಮೊದಲೇ ಕಿತ್ತು ಬೇರೊಬ್ಬನನ್ನು ನೆಡುತ್ತಾರೆ. ನಮ್ಮವರಿಗೆ ಹೇಳದೇ ಕೇಳದೇ ಜಾರಿಯಲ್ಲಿರುವ ಗಡುವು ಇದು.

ಇನ್ನು ಆ ಹುಡುಗನ ಬೈಬಲಿಗೆ ಬರೋಣ. ಬೈಬಲಿನಲ್ಲಿ ಎಮ್ಮೆಲ್ಲೆ ಇಲ್ಲ, ಚುನಾವಣೆ ಇಲ್ಲ. ದಾವೀದ, ಸೊಲೊಮೋನರು ನಲವತ್ತು ನಲವತ್ತು ವರ್ಷ ಆಳಿದರು ಎಂದು ಅದೇ ಪುಸ್ತಕ ಹೇಳುತ್ತದೆ. ಆಳುವವರನ್ನು ದೇವರೇ ನೇಮಿಸಿದ್ದಾನೆ, ತಲೆಬಾಗಿ ಎಂದು ಅದರಿಂದಲೇ ಬೋಧಿಸಿದ ಪಾದ್ರಿಗಳೂ ಉಂಟು. ಕ್ರೈಸ್ತರಲ್ಲೇ ಈ ಬಗ್ಗೆ ಎರಡು ಮಾತಿದೆ. ಮನುಷ್ಯ ಪಾಪಿ, ಎಂಥ ಒಳ್ಳೆಯವನನ್ನೂ ಅಧಿಕಾರ ಕೆಡಿಸುತ್ತದೆ, ಆದ್ದರಿಂದ ಗಡುವು ಬೇಕು ಅನ್ನುವವರು ಒಂದು ಕಡೆ. ನಾಯಕತ್ವ ದೇವರು ಕೊಟ್ಟ ವರ, ಅನುಭವಿಯನ್ನು ಯಾಕೆ ಓಡಿಸಬೇಕು ಅನ್ನುವವರು ಇನ್ನೊಂದು ಕಡೆ. ನಾವು ಓದಿದ್ದು ಕೆಳಗೆ ನಿಂತವರ ಕಣ್ಣಿನಿಂದ. ಹಾಗೆ ಓದಿದಾಗ ಕಂಡದ್ದನ್ನು ಹೇಳುತ್ತೇವೆ.

ನ್ಯಾಯಸ್ಥಾಪಕರ ಪುಸ್ತಕದಲ್ಲಿ ಗಿದ್ಯೋನ ಎಂಬವನ ಕಥೆ ಇದೆ. ಬಡ ಮನೆಯ ಕಿರಿ ಮಗ. ಜನರ ಬೆಳೆ, ದನ ಕೊಳ್ಳೆ ಹೊಡೆಯುತ್ತಿದ್ದ ಮಿದ್ಯಾನ್ಯರನ್ನು ಮುನ್ನೂರು ಜನರ ಜೊತೆ ಹೋಗಿ ಓಡಿಸಿದ. ಜನ ಬಂದು ಕೈಮುಗಿದು, ನೀನು ನಮ್ಮನ್ನು ಆಳು, ನಿನ್ನ ಮಗ ಆಳಲಿ, ಮೊಮ್ಮಗ ಆಳಲಿ ಎಂದರು. ನೋಡಿ, ಮನೆತನವನ್ನು ಬೇಡಿ ಬಂದವರು ಜನರೇ! ಗಿದ್ಯೋನ ಒಪ್ಪಲಿಲ್ಲ. ನಾನೂ ಆಳುವುದಿಲ್ಲ, ನನ್ನ ಮಗನೂ ಆಳುವುದಿಲ್ಲ, ನಿಮ್ಮನ್ನು ಆಳುವವನು ದೇವರು ಎಂದ. ಕುರ್ಚಿ ಬೇಡ ಎಂದದ್ದಷ್ಟೇ ಅಲ್ಲ, ಮಗನಿಗೂ ಬೇಡ ಎಂದ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಬಾಯಲ್ಲಿ ಬೇಡ ಎಂದವನು ಲೂಟಿಯ ಬಂಗಾರ ಮಾತ್ರ ಕೇಳಿ ಪಡೆದ. ಆಸ್ತಿ ಬೆಳೆಯಿತು, ಎಪ್ಪತ್ತು ಗಂಡುಮಕ್ಕಳಾದರು. ಉಪಪತ್ನಿಯ ಮಗನಿಗೆ ಅಬೀಮೆಲೆಕ ಎಂದು ಹೆಸರಿಟ್ಟ. ಆ ಹೆಸರಿನ ಅರ್ಥ ‘ನನ್ನ ತಂದೆ ರಾಜ’ ಎಂದು! ಗಿದ್ಯೋನ ಸತ್ತ ಮೇಲೆ ಈ ಅಬೀಮೆಲೆಕ ತಾಯಿಯ ಊರಿಗೆ ಹೋಗಿ, ನಾನು ನಿಮ್ಮ ರಕ್ತ, ನಿಮ್ಮ ಜಾತಿಬಂಧು, ನನ್ನನ್ನು ಆರಿಸಿ ಎಂದ. ಗುಡಿಯ ಭಂಡಾರದಿಂದ ದುಡ್ಡು ಕೊಟ್ಟರು. ಅದರಿಂದ ಗೂಂಡಾಗಳನ್ನು ಕೂಲಿಗೆ ಹಿಡಿದು ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಂದು ರಾಜನಾದ. ಜಾತಿ, ಗುಡಿಯ ದುಡ್ಡು, ಗೂಂಡಾ ಪಡೆ: ಮೂರು ಸಾವಿರ ವರ್ಷದ ಹಿಂದಿನ ಈ ಕಥೆಯಲ್ಲಿ ನಮ್ಮ ಕಾಲದ ಚುನಾವಣೆಯ ಸರಕೆಲ್ಲಾ ಇದೆ. ಅವನು ಆಳಿದ್ದು ಮೂರೇ ವರ್ಷ. ಕೊನೆಗೆ ಗೋಪುರದ ಮೇಲಿಂದ ಒಬ್ಬ ಹೆಂಗಸು ಬೀಸುವ ಕಲ್ಲನ್ನು ಅವನ ತಲೆಯ ಮೇಲೆ ಎತ್ತಿ ಹಾಕಿದಳು. ಅವಳ ಹೆಸರನ್ನು ಬೈಬಲ್ ಬರೆದಿಟ್ಟಿಲ್ಲ. ಹಿಟ್ಟು ಬೀಸುವ ನಮ್ಮ ತಾಯಂದಿರಲ್ಲಿ ಒಬ್ಬಳು ಎಂದುಕೊಳ್ಳೋಣ.

ಇದರಿಂದ ನಾವು ಕಲಿತ ಪಾಠ ಇಷ್ಟು. ನಾಯಕ ಕುರ್ಚಿ ಬಿಟ್ಟರೆ ಸಾಲದು. ಮನೆಯಲ್ಲಿ ಕೂಡಿಟ್ಟ ಬಂಗಾರ ಮತ್ತು ಮಗನಿಗೆ ಇಟ್ಟ ಹೆಸರು ಕುರ್ಚಿಯನ್ನು ಮತ್ತೆ ಮನೆಗೇ ಎಳೆದು ತರುತ್ತವೆ. ಪ್ರವಾದಿ ಸಮುವೇಲನಂಥವನೂ ಈ ಗುಂಡಿಗೆ ಬಿದ್ದ. ಮುಪ್ಪಾದಾಗ ಮಕ್ಕಳನ್ನೇ ನ್ಯಾಯಾಧೀಶರನ್ನಾಗಿ ಮಾಡಿದ. ಅವರು ಲಂಚ ತಿಂದರು. ಆದರೆ ಇಳಿಯುವಾಗ ಸಮುವೇಲ ಒಂದು ಕೆಲಸ ಮಾಡಿದ. ಜನರೆದುರು ನಿಂತು, ನಾನು ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಯಾರಿಂದ ಲಂಚ ತಿಂದೆ ಹೇಳಿ, ಹಿಂದಕ್ಕೆ ಕೊಡುತ್ತೇನೆ ಎಂದು ಲೆಕ್ಕ ಒಪ್ಪಿಸಿದ. ನಮ್ಮ ಜಿಲ್ಲೆಯಲ್ಲಿ ಹೀಗೆ ಲೆಕ್ಕ ಒಪ್ಪಿಸಿ ಇಳಿದ ಒಬ್ಬ ರಾಜಕಾರಣಿಯನ್ನು ನೀವು ನೋಡಿದ್ದೀರಾ?

ನೇರವಾದ ಗಡುವೂ ಬೈಬಲಿನಲ್ಲಿದೆ. ಅರಣ್ಯಕಾಂಡದಲ್ಲಿ ಗುಡಾರದ ಸೇವೆ ಮಾಡುವ ಲೇವಿಯರಿಗೆ ಒಂದು ನಿಯಮ ಇದೆ. 25 ವರ್ಷಕ್ಕೆ ಸೇವೆಗೆ ಸೇರಬೇಕು, 50ಕ್ಕೆ ಬಿಡಬೇಕು. ಬಿಟ್ಟ ಮೇಲೆ ಕಿರಿಯರಿಗೆ ಕೈನೆರವು ಕೊಡಬಹುದು, ಸೇವೆಯ ಭಾರ ಹೊರುವಂತಿಲ್ಲ. ಯಾಜಕಕಾಂಡದಲ್ಲಿ ಐವತ್ತನೇ ವರ್ಷದ ಜೂಬಿಲಿ ಇದೆ. ಆ ವರ್ಷ ಸಾಲಕ್ಕೆ ಹೋದ ಭೂಮಿ ಮೊದಲಿನವರಿಗೆ ಹಿಂದಿರುಗಬೇಕು, ಜೀತಕ್ಕೆ ಬಿದ್ದವರು ಮನೆಗೆ ಹೋಗಬೇಕು. ಯಾವುದೂ ಯಾರ ಕೈಯಲ್ಲೂ ಶಾಶ್ವತವಾಗಿ ನಿಲ್ಲಬಾರದು ಎಂಬುದು ಇದರ ತಿರುಳು. ಯೇಸು ಕೂಡ ಶಿಷ್ಯರು ದೊಡ್ಡ ಪದವಿಗೆ ಜಗಳ ಆಡಿದಾಗ, ಲೋಕದ ಒಡೆಯರು ದಬ್ಬಾಳಿಕೆ ಮಾಡುತ್ತಾರೆ, ನಿಮ್ಮಲ್ಲಿ ಹಾಗಾಗಬಾರದು, ಮೊದಲಿಗನಾಗಬೇಕಾದವನು ಎಲ್ಲರ ಆಳಾಗಲಿ ಎಂದು ತಿಳಿಸಿದ. ಆಮೇಲೆ ಟವೆಲು ಸುತ್ತಿಕೊಂಡು ಕಾಲು ತೊಳೆದ. ಕಾಲು ತೊಳೆಯುವ ಕೆಲಸವನ್ನು ಯಾರೂ ಮಗನಿಗೆ ಬರೆದುಕೊಡುವುದಿಲ್ಲ. ಶಾಸಕನ ಕೆಲಸ ನಿಜಕ್ಕೂ ಸೇವೆಯೇ ಆಗಿದ್ದರೆ ಅದನ್ನು ಮನೆತನಕ್ಕೆ ಉಳಿಸಿಕೊಳ್ಳಲು ಇಷ್ಟು ಹೊಡೆದಾಟ ಯಾಕೆ?

ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ 2019ರಲ್ಲಿ ಬಸಿಲಿಕ ಎಂಬ ಗೌರವ ಸಿಕ್ಕಿತು. ಸೆಪ್ಟೆಂಬರಿನ ಹಬ್ಬಕ್ಕೆ ಎಲ್ಲಾ ಜಾತಿಯ ಜನ ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಆ ಕ್ಯಾಥೊಲಿಕ್ ಸಭೆ ತನ್ನೊಳಗೆ ಗಡುವು ಹಾಕಿಕೊಂಡಿದೆ. 75 ತುಂಬಿದ ಬಿಷಪ್ಪರು ರಾಜೀನಾಮೆ ಬರೆದು ಕೊಡಬೇಕು. 80 ದಾಟಿದ ಕಾರ್ಡಿನಲ್‌ಗಳಿಗೆ 1971ರಿಂದ ಪೋಪ್ ಆಯ್ಕೆಯಲ್ಲಿ ಓಟಿಲ್ಲ. 2013ರಲ್ಲಿ ಪೋಪ್ ಬೆನೆಡಿಕ್ಟ್ ತಾವಾಗಿಯೇ ಇಳಿದರು. ಸಂತೋಷ. ಆದರೆ ಭಾರತದ ಚರ್ಚಿನಿಂದ ಮೊದಲ ದಲಿತ ಕಾರ್ಡಿನಲ್ ಬರಲು 2022 ಆಗಬೇಕಾಯಿತು. ಹೈದರಾಬಾದಿನ ಆರ್ಚ್‌ಬಿಷಪ್ ಅಂತೋನಿ ಪೂಲ ಅವರೇ ಮೊದಲಿಗರು. ಗಡುವಿನಿಂದ ಕುರ್ಚಿ ಖಾಲಿಯಾಗುತ್ತದೆ. ಖಾಲಿಯಾದ ಕುರ್ಚಿಗೆ ಯಾರು ಬರಬೇಕು ಅನ್ನುವುದನ್ನು ಜಾತಿ ತೀರ್ಮಾನ ಮಾಡುತ್ತಿದ್ದರೆ ಗಡುವಿನ ಫಲ ನಮಗೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದ ಆ ಹುಡುಗನ ಗತಿಯನ್ನೇ ನೋಡಿ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿ ಎಂದು ಒಪ್ಪಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಕ್ರೈಸ್ತ ದಲಿತ ಸುಪ್ರೀಂ ಕೋರ್ಟಿನವರೆಗೆ ಹೋಗಿ 1985ರಲ್ಲಿ ಸೋತ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾ ತೆಗೆಯಿರಿ ಎಂದಿತು, ತೆಗೆಯಲಿಲ್ಲ. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿದರು. ಮಾಯಕೊಂಡದಲ್ಲಿ ನಮ್ಮ ಹುಡುಗ ಒಂದು ಸಲವಾದರೂ ನಿಲ್ಲಬಹುದು. ಕೇರಿಯಲ್ಲೇ ಹುಟ್ಟಿದ ಈ ಕ್ರೈಸ್ತ ಹುಡುಗ ಅಲ್ಲಿ ನಾಮಪತ್ರವನ್ನೂ ಹಾಕುವಂತಿಲ್ಲ. ಉಳ್ಳವರಿಗೆ ಲೆಕ್ಕವಿಲ್ಲದಷ್ಟು ಅವಧಿ, ನಮಗೆ ಒಂದು ಅವಧಿ, ಅವನಿಗೆ ಸೊನ್ನೆ.

ಹಾಗಾದರೆ ಶಾಸಕರಿಗೆ ಎರಡು ಅವಧಿ ಎಂದು ನಾಳೆಯೇ ಕಾನೂನು ಮಾಡಿಬಿಟ್ಟರೆ ಸರಿಹೋಗುತ್ತದೆಯೇ? ಮಾಡಿ ನೋಡಿದ ದೇಶಗಳಿವೆ.

ಮೆಕ್ಸಿಕೋದಲ್ಲಿ 1933ರಿಂದ ಶಾಸಕರು ಸತತ ಎರಡನೇ ಸಲ ನಿಲ್ಲುವಂತಿರಲಿಲ್ಲ. ಏನಾಯಿತು? ಮತ್ತೆ ಜನರ ಬಳಿ ಹೋಗಬೇಕಿಲ್ಲ ಎಂದಾದಾಗ ಶಾಸಕ ಜನರನ್ನು ಮರೆತ. ಮುಂದಿನ ಹುದ್ದೆ ಕೊಡುವ ಪಕ್ಷದ ಯಜಮಾನನ ಕಾಲು ಹಿಡಿದ. 2014ರಲ್ಲಿ ಆ ನಿಷೇಧವನ್ನು ತೆಗೆದರು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1990ರಲ್ಲಿ ಜನಮತದ ಮೂಲಕ ಕೆಳಮನೆಯವರಿಗೆ ಆರು ವರ್ಷದ ಮಿತಿ ಹಾಕಿದರು. ಆಗ ಅಲ್ಲಿ ಹತ್ತು ವರ್ಷದಿಂದ ಸ್ಪೀಕರ್ ಆಗಿದ್ದವರು ವಿಲ್ಲಿ ಬ್ರೌನ್, ಆ ಕುರ್ಚಿ ಹತ್ತಿದ ಮೊದಲ ಕಪ್ಪು ಮನುಷ್ಯ. ಅವರನ್ನು ಇಳಿಸುವುದೂ ಆ ಕಾನೂನಿನ ಒಂದು ಗುರಿ ಎಂಬುದು ಆಗ ಎಲ್ಲರಿಗೂ ಗೊತ್ತಿದ್ದ ಮಾತು. ಬಿಳಿಯರು ಕೂತಿದ್ದ ಕಾಲದಲ್ಲೆಲ್ಲಾ ಹೊಳೆಯದ ಗಡುವು, ಕಪ್ಪು ಮನುಷ್ಯ ಕೂತಾಗ ಹೊಳೆಯಿತು. 2012ರಲ್ಲಿ ಮಿತಿಯನ್ನು ಸಡಿಲಿಸಿ ಎರಡೂ ಮನೆ ಸೇರಿ ಹನ್ನೆರಡು ವರ್ಷ ಮಾಡಿದರು.

ನಮ್ಮ ಕಥೆಗೆ ಎಲ್ಲಕ್ಕಿಂತ ಹತ್ತಿರದ್ದು ಫಿಲಿಪೈನ್ಸ್. ಕ್ರೈಸ್ತರೇ ತುಂಬಿರುವ ದೇಶ. ಸರ್ವಾಧಿಕಾರಿ ಮಾರ್ಕೋಸ್ ಓಡಿಹೋದ ಮೇಲೆ 1987ರಲ್ಲಿ ಹೊಸ ಸಂವಿಧಾನ ಜಾರಿಗೆ ಬಂತು. ಬರೆದವರಲ್ಲಿ ಒಬ್ಬ ಬಿಷಪ್, ಒಬ್ಬ ಜೆಸ್ಯೂಟ್ ಪಾದ್ರಿ, ಬಡವರ ನಡುವೆ ಬದುಕಿದ ಒಬ್ಬ ಸನ್ಯಾಸಿನಿ ಇದ್ದರು. ಕೆಳಮನೆಯ ಸದಸ್ಯರಿಗೆ ಸತತ ಮೂರು ಅವಧಿ ಮಾತ್ರ, ಸೆನೆಟರಿಗೆ ಎರಡು. ಮನೆತನದ ರಾಜಕಾರಣವನ್ನು ಕಾನೂನು ಮಾಡಿ ನಿಷೇಧಿಸಬೇಕು ಎಂದೂ ಬರೆದರು. ಕುರ್ಚಿಯ ಗಡುವು ಜಾರಿಗೆ ಬಂತು. ಮನೆತನದ ನಿಷೇಧಕ್ಕೆ ಬೇಕಾದ ಕಾನೂನನ್ನು ಮಾತ್ರ ಆ ಸಂಸತ್ತು ಮಾಡದೇ ವರ್ಷಗಟ್ಟಲೆ ತಳ್ಳಿತು. ಯಾಕೆಂದರೆ ಅಲ್ಲಿ ಕೂತವರೇ ಮನೆತನದವರು. ಗಂಡನ ಅವಧಿ ಮುಗಿದಾಗ ಹೆಂಡತಿ ನಿಂತಳು, ಹೆಂಡತಿಯದು ಮುಗಿದಾಗ ಮಗ ನಿಂತ. ಗಡುವು ಇದ್ದ ಕಾರಣಕ್ಕೇ ಮನೆಯ ಇನ್ನಷ್ಟು ಜನ ರಾಜಕೀಯಕ್ಕೆ ಇಳಿದರು.

ಪಕ್ಕದ ಕೇರಳದಲ್ಲಿ 2021ರಲ್ಲಿ ಸಿಪಿಎಂ ಪಕ್ಷವೇ ಒಂದು ನಿಯಮ ಮಾಡಿ, ಸತತ ಎರಡು ಸಲ ಗೆದ್ದವರಿಗೆ ಟಿಕೆಟ್ ಇಲ್ಲ ಎಂದಿತು. ಹಣಕಾಸು ಮಂತ್ರಿ ಥಾಮಸ್ ಐಸಾಕ್ ಅವರಿಗೂ ಟಿಕೆಟ್ ಸಿಗಲಿಲ್ಲ. ಆದರೂ ಆ ರಂಗ ಗೆದ್ದಿತು. ಸಂವಿಧಾನ ತಿದ್ದದೆಯೂ ಪಕ್ಷಗಳು ಮನಸ್ಸು ಮಾಡಿದರೆ ಗಡುವು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ನಮ್ಮೊಳಗಿನ ಒಂದು ಕಷ್ಟದ ಪ್ರಶ್ನೆಯನ್ನೂ ಮುಚ್ಚಿಡಬಾರದು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2008ರವರೆಗೆ ಒಂಬತ್ತು ಸಲ ಸತತವಾಗಿ ವಿಧಾನಸಭೆಗೆ ಗೆದ್ದರು. ಎರಡೇ ಅವಧಿ ಎಂಬ ಕಾನೂನು ಇದ್ದಿದ್ದರೆ 1983ರಲ್ಲೇ ಅವರ ಶಾಸಕತ್ವ ಮುಗಿಯುತ್ತಿತ್ತು. ಹೈದರಾಬಾದ್ ಕರ್ನಾಟಕಕ್ಕೆ 371ಜೆ ತರುವ ಹೊತ್ತಿಗೆ ಅವರ ಹಿಂದೆ ನಲವತ್ತು ವರ್ಷದ ಅನುಭವ ಇತ್ತು. ಉಳ್ಳವನಿಗೆ ಶಾಸಕಗಿರಿ ಹೋದರೂ ಕಾಲೇಜು, ಕಾರ್ಖಾನೆ, ಜಮೀನು ಇರುತ್ತದೆ. ನಮ್ಮವನಿಗೆ ಆ ಕುರ್ಚಿಯೊಂದೇ ಬಲ. ಒಂದೇ ಕತ್ತರಿಯಿಂದ ಇಬ್ಬರನ್ನೂ ಕತ್ತರಿಸಿದರೆ ಸಾಯುವವನು ನಮ್ಮವನು. ಇದು ನಿಜ. ಖರ್ಗೆಯವರ ಮಗನೂ ಮಂತ್ರಿ, ಕೆ.ಎಚ್. ಮುನಿಯಪ್ಪನವರ ಮಗಳೂ ಶಾಸಕಿ ಅನ್ನುವುದೂ ಅಷ್ಟೇ ನಿಜ. ಗಿದ್ಯೋನನ ಮನೆ ನಮ್ಮ ಕೇರಿಯಲ್ಲೂ ಕಟ್ಟುತ್ತಿದ್ದಾರೆ. ನಮ್ಮವರು ಎಂಬ ಕಾರಣಕ್ಕೆ ನಾವು ಕಣ್ಣು ಮುಚ್ಚಿಕೊಂಡರೆ ಇನ್ನೊಬ್ಬರ ಮನೆತನದ ಬಗ್ಗೆ ಮಾತಾಡುವ ಹಕ್ಕು ನಮಗೆ ಉಳಿಯುವುದಿಲ್ಲ.

ಆದ್ದರಿಂದ ನಮ್ಮ ನಿಲುವು ಇದು. ಭೂಸುಧಾರಣೆಯನ್ನು ನೆನಪಿಸಿಕೊಳ್ಳಿ. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಮಿತಿ ಬಂದಾಗ ಒಬ್ಬನಿಗೆ ಇಷ್ಟು ಎಕರೆ ಎಂದಷ್ಟೇ ಹೇಳಿದ್ದರೆ ಭೂಮಾಲಿಕ ಹೆಂಡತಿಯ ಹೆಸರಿಗೆ, ಪುಟ್ಟ ಮಕ್ಕಳ ಹೆಸರಿಗೆ ಬರೆದು ಪಾರಾಗುತ್ತಿದ್ದ. ಅದಕ್ಕೇ ಕಾನೂನು ಕುಟುಂಬವನ್ನೇ ಒಂದು ಘಟಕ ಎಂದು ಲೆಕ್ಕ ಹಾಕಿತು. ಆದರೂ ಬೇನಾಮಿ ಮಾಡಿದರು, ಅದು ಬೇರೆ ಮಾತು. ಕುರ್ಚಿಯೂ ಭೂಮಿಯಂತೆಯೇ. ಅದಕ್ಕೆ ಮಿತಿ ಹಾಕುವುದಾದರೆ ಮನೆಯನ್ನೇ ಘಟಕ ಮಾಡಿ ಹಾಕಬೇಕು.

ಒಂದು: ಸತತ ಮೂರು ಅವಧಿ, ಆಮೇಲೆ ಒಂದು ಅವಧಿ ಬಿಡುವು. ಆ ಬಿಡುವಿನಲ್ಲಿ ಹೆಂಡತಿ, ಗಂಡ, ಮಗ, ಮಗಳು, ಸೊಸೆ, ಅಳಿಯ ಅದೇ ಕ್ಷೇತ್ರದಲ್ಲಿ ನಿಲ್ಲಬಾರದು. ಹೆಣ್ಣುಮಕ್ಕಳ ಹಕ್ಕು ಕಸಿಯುತ್ತೀರಾ ಎಂದು ಕೆಲವರು ಕೇಳಬಹುದು. ಸ್ವಂತ ಶಕ್ತಿ ಇರುವ ಹೆಣ್ಣುಮಗಳು ಐದು ವರ್ಷ ಕಾದು ನಿಲ್ಲಲಿ, ಬೇರೆ ಕ್ಷೇತ್ರದಲ್ಲಿ ನಿಲ್ಲಲಿ. ಹೆಣ್ಣಿಗೆ ಟಿಕೆಟ್ ಎಂದಾಗ ದೊಡ್ಡ ಮನೆಯ ಸೊಸೆ ಮಾತ್ರ ಯಾಕೆ ಕಾಣಬೇಕು? ಬೀಡಿ ಕಟ್ಟುವ, ಮಂಡಕ್ಕಿ ಭಟ್ಟಿಯಲ್ಲಿ ಬೇಯುವ ಹೆಣ್ಣು ಯಾಕೆ ಕಾಣಬಾರದು?

ಎರಡು: ಮೊದಲು ಸಾಮಾನ್ಯ ಕ್ಷೇತ್ರಗಳಲ್ಲಿ ಜಾರಿಯಾಗಲಿ. ಸಾಮಾನ್ಯ ಎಂದರೆ ಮೇಲ್ಜಾತಿಯ ಮೀಸಲು ಎಂಬ ಅರ್ಥ ಬಂದುಬಿಟ್ಟಿದೆ. ಮೀಸಲು ಕ್ಷೇತ್ರದಲ್ಲಿ ನಮ್ಮವರು ಒಂದು ಅವಧಿಗೇ ಉದುರುತ್ತಿರುವಾಗ ಅಲ್ಲಿ ಗಡುವಿನ ಅವಸರ ಇಲ್ಲ.

ಮೂರು: ಟಿಕೆಟ್ ಕೊಡುವುದು ಪಕ್ಷದ ಸದಸ್ಯರ ಓಟಿನಿಂದ ಆಗಲಿ. ಇಲ್ಲದಿದ್ದರೆ ಮೆಕ್ಸಿಕೋದಂತೆ ಗಡುವು ಎಂಬುದು ಯಜಮಾನನ ಕೈಯ ಚಾಟಿ ಆಗುತ್ತದೆ.

ನಾಲ್ಕು: ಇಳಿಯುವ ದಿನ ಪ್ರತಿಯೊಬ್ಬ ಶಾಸಕನೂ ಸಮುವೇಲನಂತೆ ಊರ ಮುಂದೆ ನಿಂತು ಆಸ್ತಿಯ ಲೆಕ್ಕ ಕೊಡಬೇಕು.

ಐದು: ಕ್ರೈಸ್ತ, ಮುಸ್ಲಿಂ ದಲಿತರನ್ನು ಹೊರಗಿಟ್ಟ ಪ್ಯಾರಾ ಹೋಗಲಿ. ಅವರು ಬಂದರೆ ನಮ್ಮ ಪಾಲು ಕಮ್ಮಿಯಾಗ್ತದೆ ಎಂದು ಹೆದರುವ ಗೆಳೆಯರಿದ್ದಾರೆ. ಅವರ ಜೊತೆ ಪಾಲೂ ಹೆಚ್ಚಬೇಕು ಎಂದು ಕೇಳೋಣ. ಒಂದೇ ಕೇರಿಯ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ದೂಡಾಡುವುದು ಬೇಡ.

ಕೊನೆಗೆ ನಮ್ಮ ಮಾತು. ಹರಿಹರದ ಮಣ್ಣಿನಲ್ಲಿ ಹುಟ್ಟಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಶಾಸಕರಾಗಲಿಲ್ಲ. ಆದರೂ 1997ರಲ್ಲಿ ಅವರು ತೀರಿಕೊಂಡಾಗ ನಾಡಿನ ಕೇರಿಕೇರಿಗಳು ಅತ್ತವು. ಅವರ ಆಮೇಲಿನ ಚಳವಳಿಯ ಸ್ಥಿತಿ ನಿಮಗೆ ಗೊತ್ತಿದೆ. ಎಷ್ಟು ಬಣ, ಎಷ್ಟು ಸಂಚಾಲಕರು! ಒಂದು ಸಲ ಸಂಚಾಲಕನಾದವನು ಲೆಟರ್‌ಹೆಡ್ ಬಿಡುವುದಿಲ್ಲ. ಬಿಡು ಎಂದರೆ ಹೊಸ ಬಣ ಕಟ್ಟುತ್ತಾನೆ. ವಿಧಾನಸೌಧದ ಕುರ್ಚಿಗೆ ಗಡುವು ಕೇಳುವ ನಾವು ಮೊದಲು ನಮ್ಮ ಮುರುಕು ಕುರ್ಚಿಗೆ ಗಡುವು ಹಾಕಿಕೊಳ್ಳಬೇಕು. ಈ ಪತ್ರಿಕೆಯನ್ನು ಬರೆಯುವ ನಾವೂ ಅದಕ್ಕೆ ಹೊರತಲ್ಲ. ಮೂರು ವರ್ಷಕ್ಕೊಮ್ಮೆ ಈ ಜಾಗ ಹಾಸ್ಟೆಲಿನ ಹೊಸ ಹುಡುಗ ಹುಡುಗಿಯರ ಕೈಗೆ ಹೋಗಬೇಕು. ಇದನ್ನು ಬರೆದು ಕೊಡುತ್ತಿದ್ದೇವೆ, ಮರೆತರೆ ಕಾಲರ್ ಹಿಡಿದು ಕೇಳಿ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿ ಆಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ಹೋಗುವ ದಾರಿ ಎಂಬುದು ಅವರ ಮಾತಿನ ಸಾರ. ಗಿದ್ಯೋನನ ಮುಂದೆ ಕೈಮುಗಿದು, ನೀನೂ ನಿನ್ನ ಮಗನೂ ಮೊಮ್ಮಗನೂ ಆಳಿ ಎಂದವರು ಯಾರು? ಜನ. ಚುನಾವಣೆ ಬಂದಾಗ ಹಾಸ್ಟೆಲ್ ಗೇಟಿಗೆ ಟೆಂಪೋ ಬರುತ್ತದೆ. ಒಂದು ಟೀ ಶರ್ಟು, ಒಂದು ಊಟ, ಇನ್ನೂರೋ ಮುನ್ನೂರೋ ರೂಪಾಯಿ. ಹತ್ತಿ ಹೋಗಿ ಜೈಕಾರ ಹಾಕಿ ಬರುತ್ತೀರಿ. ನಿಮ್ಮ ಅಪ್ಪ ಅವರಪ್ಪನಿಗೆ ಜೈಕಾರ ಹಾಕಿದ್ದ. ನೀವು ಮಗನಿಗೆ ಹಾಕುತ್ತಿದ್ದೀರಿ. ನಿಮ್ಮ ತಮ್ಮ ಮೊಮ್ಮಗನಿಗೆ ಹಾಕಲು ತಯಾರಾಗುತ್ತಿದ್ದಾನೆ. ಅವರ ಮನೆತನ ಮೂರು ತಲೆಮಾರು ನಡೆದಿದ್ದರೆ ನಮ್ಮ ಜೈಕಾರದ ಮನೆತನವೂ ಮೂರು ತಲೆಮಾರು ನಡೆದಿದೆ ಎಂದೇ ಅರ್ಥ.

ಸಂವಿಧಾನದ ತಿದ್ದುಪಡಿ ನಮ್ಮ ಕೈಯಲ್ಲಿಲ್ಲ, ಬರಲು ಎಷ್ಟು ವರ್ಷ ಬೇಕೋ. ಆ ಟೆಂಪೋ ಹತ್ತದೇ ಇರುವುದು ನಮ್ಮ ಕೈಯಲ್ಲಿದೆ. ಮುಂದಿನ ಸಲ ಗೇಟಿಗೆ ಬಂದವರನ್ನು ಕೇಳಿ: ಎಷ್ಟನೇ ಸಲ? ನಿಮ್ಮ ಮನೆಯಿಂದ ಎಷ್ಟನೆಯವರು? ಇಷ್ಟು ವರ್ಷದಲ್ಲಿ ನಮ್ಮ ಕೇರಿಯಿಂದ ಒಬ್ಬನನ್ನಾದರೂ ಬೆಳೆಸಿದಿರಾ? ಉತ್ತರ ಸಿಗದಿದ್ದರೆ ಒಳಗೆ ಬಂದು ಪುಸ್ತಕ ತೆಗೆಯಿರಿ. 25 ತುಂಬಲು ನಿಮ್ಮಲ್ಲಿ ಕೆಲವರಿಗೆ ಇನ್ನು ನಾಲ್ಕೈದು ವರ್ಷ ಮಾತ್ರ ಉಳಿದಿದೆ.

ಜೈ ಭೀಮ್.